ಪಾಳಿ ಬರುವುದರೊಳಗೆ

ಬೆಳಗಿನ ಎಂಟೂವರೆ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರ ಪಡಸಾಲೆಯಲ್ಲಿ ನೀವು ಗೋಡೆಗೆ ಒರಗಿ ನಿಂತಿದ್ದೀರಿ. ಬೆಂಚುಗಳೆಲ್ಲ ಭರ್ತಿ. ಜೆನೆಟಿಕ್ಸ್ ಓಪಿಡಿ ಇರುವುದು ವಾರಕ್ಕೊಂದೇ ದಿನ. ಹಾಗಾಗಿ ರಾಯಚೂರು, ಕೊಪ್ಪಳ, ಚಾಮರಾಜನಗರದವರೆಲ್ಲ ಇವತ್ತೇ ಬಂದಿದ್ದಾರೆ. ಪಕ್ಕದ ಮನೆಯ ಹುಡುಗಿಗೆ ಜೊತೆಯಾಗಿ ಬಂದವರು ನೀವು. ಅವಳ ಮಡಿಲಲ್ಲಿ ಮೂರು ವರ್ಷದ ಮಗ. ಅವನಿಗೆ ಕತ್ತು ನಿಂತಿಲ್ಲ. ರಾತ್ರಿಯಿಡೀ ರೈಲಿನಲ್ಲೂ ಅವಳ ಅಂಗೈ ಅವನ ತಲೆಯ ಹಿಂದೆಯೇ ಇತ್ತು. ಅವಳಿಗೀಗ ಮತ್ತೆ ಬಸಿರು, 14 ವಾರ.

ಒಳಗಿರುವುದು ಒಬ್ಬರೇ ವೈದ್ಯೆ. ಒಳಹೋದ ಕುಟುಂಬ ಮುಕ್ಕಾಲು ಗಂಟೆಯಾದರೂ ಹೊರಬರುವುದಿಲ್ಲ. ಸಾಲಿನಲ್ಲಿ ಗೊಣಗಾಟ. ನೀವೂ ಗೊಣಗುತ್ತೀರಿ. ಮಧ್ಯಾಹ್ನ ದಾಟಿದ ಮೇಲೆ ನಿಮ್ಮ ಪಾಳಿ.

ವೈದ್ಯೆ ಹಾಳೆಯ ಮೇಲೆ ಗಂಡಸಿಗೊಂದು ಚೌಕ, ಹೆಂಗಸಿಗೊಂದು ವೃತ್ತ ಬರೆಯುತ್ತ ಹೋಗುತ್ತಾರೆ.

"ಸಂಬಂಧದಲ್ಲೇ ಮದುವೆ ಆಗಿದ್ದೀರೇನಮ್ಮಾ?"

"ಹೌದ್ರೀ. ಸ್ವಂತ ಸೋದರಮಾವ."

ಗಂಡ ಹೆಂಡಿರ ನಡುವೆ ಜೋಡಿಗೆರೆ ಬೀಳುತ್ತದೆ. ಜೊತೆಗಿರುವ ಅತ್ತೆ ಅವಳಿಗೆ ಅಜ್ಜಿಯೂ ಹೌದು. "ನಮ್ಮ ಮನೆತನದಾಗ ಎಲ್ಲಾರೂ ಹಿಂಗ ಆಗೇವ್ರೀ, ಯಾರಿಗೂ ಏನೂ ಆಗಿಲ್ಲ" ಎನ್ನುತ್ತಾಳೆ ಮುದುಕಿ. ಅಂದವಳು ಸುಮ್ಮನಾಗಿ, ಎಂಟು ತಿಂಗಳಿಗೇ ತೀರಿಹೋದ ತನ್ನದೊಂದು ಕೂಸನ್ನು ನೆನೆಸಿಕೊಳ್ಳುತ್ತಾಳೆ. ಅದಕ್ಕೂ ಕತ್ತು ನಿಂತಿರಲಿಲ್ಲವಂತೆ. ವೈದ್ಯೆಗೆ ಬೇಕಿದ್ದ ಎಳೆ ಅದೇ. ಅವಸರದ ಐದು ನಿಮಿಷದಲ್ಲಿ ಅದು ಸಿಗುತ್ತಿರಲಿಲ್ಲ.

ಹೆಚ್ಚುಕಡಿಮೆ ನಾಲ್ಕರಲ್ಲೊಂದು ಮದುವೆ ರಕ್ತಸಂಬಂಧದೊಳಗೇ ಆಗುವ ರಾಜ್ಯ ನಮ್ಮದು. ಒಂದೇ ದೋಷಪೂರಿತ ಜೀನನ್ನು ಗಂಡ ಹೆಂಡತಿ ಇಬ್ಬರೂ ಹೊತ್ತಿದ್ದರೆ, ಪ್ರತಿ ಬಸಿರಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ವೈದ್ಯೆ ಇದನ್ನು ಬಿಡಿಸಿ ಹೇಳುತ್ತಾರೆ, ಯಾರ ತಪ್ಪೂ ಅಲ್ಲವೆಂದು ಎರಡೆರಡು ಸಲ ಹೇಳುತ್ತಾರೆ, ನಮೂನೆಗಳನ್ನೂ ತಾವೇ ತುಂಬುತ್ತಾರೆ. ಇದನ್ನೆಲ್ಲ ಮಾಡಬೇಕಾದ ಆಪ್ತಸಲಹೆಗಾರರ ಕುರ್ಚಿ ಖಾಲಿಯಿದೆ.

ಇನ್ನು ಲೆಕ್ಕ ಕೇಳಿ. ಹಿರಿಯ ಮಗನ ಜೀನ್ ದೋಷ ಯಾವುದೆಂದು ತಿಳಿಯದೆ ಹೊಟ್ಟೆಯೊಳಗಿನ ಕೂಸಿನಲ್ಲಿ ಏನು ಹುಡುಕಬೇಕೆಂದೇ ಗೊತ್ತಾಗದು. ಆ ವರದಿಗೆ ಆರು ವಾರ ಹಿಡಿದರೆ 20 ವಾರವಾಯಿತು. ಆಮೇಲೆ ಗರ್ಭಜಲ ಪರೀಕ್ಷೆ, ಅದರ ವರದಿಗೆ ಮತ್ತೆ ಎರಡು ಮೂರು ವಾರ. 24 ವಾರ ದಾಟಿದರೆ, 2021ರ ಕಾನೂನು ತಿದ್ದುಪಡಿಯ ಪ್ರಕಾರ, ಗರ್ಭಪಾತಕ್ಕೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ಈ ಓಪಿಡಿಗೆ ದಿನ ಸಿಗಲು ಅವಳು ಒಂದೂವರೆ ತಿಂಗಳು ಕಾದಿದ್ದಾಳೆ. ಕಳೆದುಹೋದದ್ದು ಆ ಒಂದೂವರೆ ತಿಂಗಳೇ.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವುಂಟು. ಆ ನೆರವಿಗೂ ಮೊದಲು ಕಾಯಿಲೆಯ ಹೆಸರು ಗೊತ್ತಾಗಬೇಕು, ಅದಕ್ಕೆ ಇಂಥದೇ ಕೋಣೆಯ ಬಾಗಿಲಲ್ಲಿ ಕಾಯಬೇಕು. ಜಿಲ್ಲೆಗೊಬ್ಬ ತರಬೇತಾದ ಜೆನೆಟಿಕ್ ಆಪ್ತಸಲಹೆಗಾರರನ್ನು ಸರ್ಕಾರ ನೇಮಿಸಲಿ. ಕುಟುಂಬದ ಚರಿತ್ರೆ ಬರೆದುಕೊಳ್ಳುವುದು, ರಕ್ತದ ಮಾದರಿ ಕಳಿಸುವುದು ರಾಯಚೂರಿನಲ್ಲೇ ಆಗಬಹುದಾದ ಕೆಲಸ. ನಿಮ್ಮ ಮನೆಯಲ್ಲಿ ಕಾರಣ ತಿಳಿಯದ ಕಾಯಿಲೆಯ ಮಗುವಿದ್ದರೆ, ಮುಂದಿನ ಬಸಿರಿಗೆ ಮುಂಚೆಯೇ ಹಳೆಯ ಚೀಟಿಗಳನ್ನೆಲ್ಲ ಕಟ್ಟಿಕೊಂಡು ಜೆನೆಟಿಕ್ಸ್ ಓಪಿಡಿಗೆ ಹೋಗಿ ಹೆಸರು ಬರೆಸಿ.