ಗಾಲಿಯಡಿಯ ಕಲ್ಲು

ನಮ್ಮ ಮನೆಯ ಕಾರು 2007ನೆಯ ಇಸವಿ ಜೂನ್ ತಿಂಗಳಿನಲ್ಲಿ ಕೊಂಡ ಮಾರುತಿ 800. ಸ್ವಂತ ಬಳಕೆಯ ಗಾಡಿಯ ನೋಂದಣಿಯು 15 ವರ್ಷಗಳ ಮಟ್ಟಿಗೆ ಮಾತ್ರ ಸಲ್ಲುವುದೆಂದೂ, ಆಮೇಲೆ ಅದನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳತಕ್ಕುದೆಂದೂ 1988ನೆಯ ಮೋಟಾರು ವಾಹನ ಕಾಯಿದೆಯು ವಿಧಿಸಿರುವುದು. ಆ ಗಡುವು ನಮಗೆ 2022ರಲ್ಲಿ ಬಂದಿತು. ಅದೇ ವರ್ಷ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕವು 600 ರೂಪಾಯಿಗಳಿಂದ 5,000ಕ್ಕೆ ಏರಿದ್ದಿತು. ಹಸಿರು ತೆರಿಗೆ 500 ಬೇರೆ. "ಹದಿನೈದು ವರುಷದ ಮುದಿ ಹಸುವಿಗೆ ಯಾರಾದರೂ ಇಷ್ಟು ದುಡ್ಡು ಸುರಿಯುವರೇ?" ಎಂದು ನಮ್ಮ ಮನೆಯವರು ಕೇಳಿದರು. ಮೂರು ತಿಂಗಳು ಮೊದಲೇ ಕೊಂಡಿದ್ದರೆ 4,400 ರೂಪಾಯಿ ಉಳಿಯುತ್ತಿತ್ತೆಂಬುದನ್ನು ನಾವು ಅವರಿಗೆ ಹೇಳಲಿಲ್ಲ.

ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮಾರ್ಗವಾಗಿ ಚಾಮರಾಜನಗರದ ಸಾರಿಗೆ ಕಛೇರಿಗೆ ಹೊರಟಾಗ ಮೊಮ್ಮಗನೂ ಜೊತೆಗೆ ಬಂದನು. ದಾರಿಯುದ್ದಕ್ಕೂ ನಾವು ಸರ್ಕಾರದ ಮೇಲೆ ಗೊಣಗಿದೆವು. ಪರೀಕ್ಷೆಯೆಂದರೆ ದುಡ್ಡು ಕೀಳುವ ನೆಪವೆಂದೇ ನಮ್ಮ ಎಣಿಕೆ.

ನಿರೀಕ್ಷಕರು ಷಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದ ಅಚ್ಚನ್ನು ದಾಖಲೆಯೊಡನೆ ಹೋಲಿಸಿದರು. ದೀಪ, ಹಾರನ್ನು, ಟೈರುಗಳನ್ನು ನೋಡಿದರು. ಎಲ್ಲವೂ ಸರಿಯಾಗಿತ್ತು. ಬಳಿಕ ಹ್ಯಾಂಡ್‌ಬ್ರೇಕನ್ನು ಎಳೆಯಹೇಳಿ ಗಾಡಿಯನ್ನು ಕೈಯಿಂದ ತಳ್ಳಿದರು. ಅದು ಸರಾಗವಾಗಿ ಮುಂದೆ ಸರಿಯಿತು.

"ಇಳಿಜಾರಿನಲ್ಲಿ ಹೇಗೆ ನಿಲ್ಲಿಸುತ್ತೀರಿ?" ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಮೊಮ್ಮಗನು ಡಿಕ್ಕಿಯಿಂದ ನಮ್ಮ ಕಲ್ಲನ್ನು ಎತ್ತಿ ತಂದು ತೋರಿಸಿದನು. ನಮ್ಮ ಬೀದಿಯೂ ಇಳಿಜಾರು. ಎರಡು ವರ್ಷದಿಂದ ಅದೇ ನಮ್ಮ ಹ್ಯಾಂಡ್‌ಬ್ರೇಕು. ನಾವು ನಕ್ಕೆವು. ಅವರು ನಗಲಿಲ್ಲ.

"ಕಲ್ಲು ಇಡುವುದಕ್ಕೆ ಗಾಲಿಯ ಹತ್ತಿರ ಕೂರುವವರು ಯಾರು, ಸ್ವಾಮಿ?"

"ನಾನೇ," ಎಂದನು ಹುಡುಗ, ಹೆಮ್ಮೆಯಿಂದ.

ನಮ್ಮ ಕಾಲು ಕ್ಲಚ್ಚಿನ ಮೇಲೆ, ಗಮನ ಮಾತಿನ ಮೇಲೆ, ಹಿಂದುಗಡೆ ಆ ಮಗು ಕುಕ್ಕುರುಗಾಲಿನಲ್ಲಿ! ಎಷ್ಟು ಸಲ ಹಾಗೆ ಕೂತಿದ್ದನೋ. ನಮಗೆ ಮಾತು ಹೊರಡಲಿಲ್ಲ. ರಿಪೇರಿ ಮಾಡಿಸಿ ತರಹೇಳಿ ಅವರು ಕಾಗದವನ್ನು ಹಿಂದಕ್ಕೆ ಕೊಟ್ಟರು.

ಊರಿಗೆ ಬಂದು ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನು ಬದಲಾಯಿಸಿದೆವು. ಮೆಕ್ಯಾನಿಕ್ಕಿಗೆ ಅರ್ಧ ದಿನದ ಕೆಲಸವೂ ಆಗಲಿಲ್ಲ. ಮರುವಾರ ಗಾಡಿ ತೇರ್ಗಡೆಯಾಗಿ 2027ರವರೆಗೆ ನೋಂದಣಿ ದೊರೆಯಿತು. ಅಷ್ಟರಲ್ಲಿ ಅದಕ್ಕೆ 20 ತುಂಬುವುದು. 2025ರ ಆಗಸ್ಟಿನ ನಿಯಮದಂತೆ 20 ವರ್ಷ ಮೀರಿದ ಕಾರಿನ ನವೀಕರಣಕ್ಕೆ 10,000 ರೂಪಾಯಿ. ಗಾಡಿಯನ್ನು ಇಟ್ಟುಕೊಳ್ಳುವೆವೋ ಮಾರುವೆವೋ ಇನ್ನೂ ನಿಶ್ಚಯವಾಗಿಲ್ಲ. ಕಲ್ಲನ್ನಂತೂ ನಮ್ಮ ಮನೆಯವರು ಅಂದೇ ಡಿಕ್ಕಿಯಿಂದ ತೆಗೆದು ಹಿತ್ತಿಲಿಗೆ ಎಸೆದರು.