ಕೇಪಳದ ಮಣ್ಣು

ಉಡುಪಿಯಿಂದ ಮಾಟುಂಗಕ್ಕೆ ನಮ್ಮ ಜೊತೆ ಇರಲು ಬಂದ ಅಮ್ಮ ಒಂದು ಕೇಪಳದ ಗಿಡ ತಂದಿದ್ದಳು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿದ ಮೇಲೆ ಕಾಂಪೌಂಡ್ ಗೋಡೆಯ ಬದಿಯಲ್ಲಿ ಉಳಿದ ಜಾಗದಲ್ಲಿ ನೆಟ್ಟೆವು. ಮೂರು ತಿಂಗಳಲ್ಲಿ ಚಿಗುರೆಲೆಯೆಲ್ಲ ಹಳದಿ, ನರ ಮಾತ್ರ ಹಸಿರು. "ಮುಂಬಯಿ ನೀರು ಇದಕ್ಕೆ ಹಿಡಿಸಲಿಲ್ಲ," ಅಂದಳು ಅಮ್ಮ. ತನ್ನ ಬಗ್ಗೆಯೇ ಹೇಳಿದ ಹಾಗಿತ್ತು.

ಕಬ್ಬಿಣದ ಲವಣವಾದ ಅನ್ನಭೇದಿ ಹಾಕಿದೆ, ಪ್ರಯೋಜನವಾಗಲಿಲ್ಲ. ಒಂದು ದಿನ ಹಿಡಿ ಮಣ್ಣಿಗೆ ವಿನೆಗರ್ ಸುರಿದೆ. ಬುಸ್ಸೆಂದು ನೊರೆ ಬಂತು. ಮಣ್ಣಿನ ತುಂಬ ಹಳೆಯ ಗೋಡೆಯ ಸುಣ್ಣ, ಸಿಮೆಂಟು.

ನಮ್ಮೂರಿನ ಮುರಕಲ್ಲಿನ ಮಣ್ಣು ಹುಳಿ. ಕೇಪಳಕ್ಕೆ ಬೇಕಾದದ್ದೂ ಅದೇ, ಪಿಎಚ್ 5ರಿಂದ 6ರ ಆಸುಪಾಸು. ಸುಣ್ಣದ ಮಣ್ಣು 8ರ ಹತ್ತಿರ. ಅಲ್ಲಿ ಕಬ್ಬಿಣ ಎಷ್ಟಿದ್ದರೂ ನೀರಿನಲ್ಲಿ ಕರಗದು, ಬೇರಿಗೆ ಸಿಗದು. ಗಂಧಕದ ಪುಡಿ ಬೆರೆಸಿದರೆ ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನಿಧಾನವಾಗಿ ಆಮ್ಲ ಮಾಡುತ್ತವೆ. ಆದರೆ ಸುಣ್ಣ ಮುಗಿಯುವ ತನಕ ಆ ಆಮ್ಲವೆಲ್ಲ ಅದಕ್ಕೇ ಖರ್ಚು.

ಹಾಗಾಗಿ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಿಸಿದೆವು. ಊರಿನಿಂದ ಬಸ್ಸಿನಲ್ಲಿ ತರಿಸಿದ ಕೆಂಪು ಮಣ್ಣು, ಎಲೆಗೊಬ್ಬರ, ಒಂದು ಚಮಚ ಗಂಧಕ. ಹಳದಿಯಾದ ಎಲೆಗಳು ಉದುರಿದವು, ಹೊಸ ಚಿಗುರು ಹಸಿರಾಗಿಯೇ ಬಂತು.

ನವರಾತ್ರಿಗೆ ಮೊದಲ ಗೊಂಚಲು. ಅಮ್ಮ ಅದನ್ನು ದೇವರಿಗಿಟ್ಟು ಕೇಳಿದಳು: "ಇದಕ್ಕೆ ಊರಿನ ಮಣ್ಣು ತರಿಸಿದಿ. ನನ್ನನ್ನು ಊರಿಗೆ ಕರ್ಕೊಂಡು ಹೋಗುದು ಯಾವಾಗ?"

ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ, ಇಬ್ಬರಿಗೂ.