ಸೊಲ್ಲಾಪುರ ರಸ್ತೆಯಲ್ಲಿ ಹುಲ್ಲು ಖರೀದಿ

ಪುಣೆಗೆ ಬಂದು 11 ವರ್ಷವಾದರೂ ಹಡಪ್ಸರ್ ದಾಟಿ ಸೊಲ್ಲಾಪುರ ರಸ್ತೆಯಲ್ಲಿ ನಾನು ಮುಂದಕ್ಕೆ ಹೋಗಿದ್ದು ಎರಡೇ ಸಲ. ಒಮ್ಮೆ ಥೇವೂರಿನ ಚಿಂತಾಮಣಿ ಗಣಪತಿಯ ದರ್ಶನಕ್ಕೆ, ಇನ್ನೊಮ್ಮೆ ಹುಲ್ಲು ಕೊಳ್ಳುವುದಕ್ಕೆ. ಇದು ಆ ಎರಡನೆಯ ಪ್ರಯಾಣದ ಕತೆ.

ನಮ್ಮಂಥ ತುಮಕೂರು, ದಾವಣಗೆರೆ ಕಡೆಯವರಿಗೆ ಪುಣೆಯ ದಾರಿ ಎಂದರೆ 48ನೇ ರಾಷ್ಟ್ರೀಯ ಹೆದ್ದಾರಿ. ನಾನಿರುವ ಬಾಣೇರಿನ ಪಕ್ಕದಲ್ಲೇ ಹಾಯುವ ಈ ರಸ್ತೆ ಸಾತಾರಾ, ಬೆಳಗಾವಿ, ಹುಬ್ಬಳ್ಳಿಗಳನ್ನು ದಾಟಿ ನಮ್ಮೂರನ್ನು ಮುಟ್ಟುತ್ತದೆ. ಶುಕ್ರವಾರ ರಾತ್ರಿ ಸ್ಲೀಪರ್ ಬಸ್ಸು ಹತ್ತಿ ಮಲಗಿದರೆ ಮುಗಿಯಿತು. ಆದರೆ ಪುಣೆಗೆ ಕನ್ನಡ ಬಂದು ಸೇರುವ ಇನ್ನೊಂದು ದಾರಿಯಿದೆ. ಅದು 65ನೇ ಹೆದ್ದಾರಿ, ಅಂದರೆ ಸೊಲ್ಲಾಪುರ ರಸ್ತೆ, ಮತ್ತು ಅದರ ಆಸುಪಾಸಿನಲ್ಲೇ ಓಡುವ ರೈಲು ಹಳಿ. ಕಲಬುರಗಿ, ಯಾದಗಿರಿ, ವಿಜಯಪುರದ ಜನ ಬರುವುದು ಈ ಕಡೆಯಿಂದ. ಕಟ್ಟಡದ ಕೆಲಸಕ್ಕೆಂದು ಬರುವವರು ಅವರಲ್ಲಿ ಬಹಳ. ಇಷ್ಟು ವರ್ಷ ನನಗೆ ಆ ದಾರಿಯ ನೆನಪೇ ಆಗಿರಲಿಲ್ಲ.

ನಮ್ಮ ಸೊಸೈಟಿಯಲ್ಲಿ ಮೂರು ಟವರುಗಳಿವೆ, ನಡುವೆ ಒಂದು ಲಾನ್. ಬೆಳಿಗ್ಗೆ ಅಜ್ಜಿಯರು ಚಪ್ಪಲಿ ಬಿಟ್ಟು ನಡೆಯುತ್ತಾರೆ, ಸಂಜೆ ಮಕ್ಕಳು ಉರುಳಾಡುತ್ತಾರೆ. ಬಾಣೇರ್ ಗುಡ್ಡವೊಂದನ್ನು ಬಿಟ್ಟರೆ ಸುತ್ತ ಕಣ್ಣಿಗೆ ಹಸಿರು ಎನ್ನುವುದು ಇದೊಂದೇ, ಗುಡ್ಡವೂ ಬೇಸಿಗೆಯಲ್ಲಿ ಒಣಗಿ ಕಂದಾಗುತ್ತದೆ. ಲಾನನ್ನು ನೋಡಿಕೊಳ್ಳುವವರನ್ನು ಎಲ್ಲರೂ ಮಾಲಿ ಕಾಕಾ ಅನ್ನುತ್ತಾರೆ. ಅವರು ಕನ್ನಡದವರು ಅಂತ ನನಗೆ ತಿಳಿದದ್ದು ಒಂದು ದಿನ ಅವರು ಗಂಟು ಬಿದ್ದ ನೀರಿನ ಪೈಪನ್ನು ಬೈಯುತ್ತಿದ್ದಾಗ. ಅಷ್ಟು ಸೊಗಸಾದ ಬೈಗುಳ ಮರಾಠಿಯಲ್ಲಿರಲು ಸಾಧ್ಯವಿರಲಿಲ್ಲ. ಶಹಾಪುರ ತಾಲೂಕಿನ ಒಂದು ಹಳ್ಳಿ, ಕೃಷ್ಣೆಯ ಕಾಲುವೆ ಅಲ್ಲಿಯತನಕ ಬಂದಿಲ್ಲ. ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದವರು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಉದ್ಯಾನದಲ್ಲೇ ಕೆಲಸ ಹಿಡಿದಿರಿ ಎಂದು ನಾನು ತಮಾಷೆ ಮಾಡಿದರೆ ಅವರು ನಗಲಿಲ್ಲ. ಮೊದಲು ಎಂಟು ವರ್ಷ ಗಾರೆ ಕೆಲಸ ಮಾಡಿದ್ದರಂತೆ.

ಮೊನ್ನೆ ಏಪ್ರಿಲ್‌ನಲ್ಲಿ ಟವರುಗಳ ಹೊರಗೋಡೆಯ ಬಿರುಕು ತುಂಬಿ ಬಣ್ಣ ಹೊಡೆಸುವ ಕೆಲಸ ಶುರುವಾಯಿತು. ಮಳೆಗೆ ಮುಂಚೆ ಮುಗಿಯಬೇಕು. ಸಾರವೆ ಕಟ್ಟುವುದು, ಮರಳು ಇಳಿಸುವುದು, ಗಾರೆ ಕಲೆಸುವುದು ಎಲ್ಲಕ್ಕೂ ಇದ್ದ ಬಯಲು ಜಾಗ ಈ ಲಾನ್ ಒಂದೇ. ಕಮಿಟಿಯಲ್ಲಿ ಗಾರ್ಡನ್ ಜವಾಬ್ದಾರಿ ನನ್ನದು. ಸಾಫ್ಟ್‌ವೇರಿನವನು ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ, ಒಂದು ಎಕ್ಸೆಲ್ ಶೀಟ್ ತಯಾರಿಸಿದೆ. ಮರಳು ಬೀಳುವ ಮೂಲೆಗೆ ನೀಲಿ ತಾಡಪತ್ರಿ ತಂದು 10 ಅಡಿಗೆ 15 ಅಡಿ ಹಾಸಿಸಿದೆ. ಹುಲ್ಲು ಸುರಕ್ಷಿತ ಎಂದು ಶೀಟಿನಲ್ಲಿ ಹಸಿರು ಬಣ್ಣವನ್ನೂ ಕೊಟ್ಟೆ.

ಐದು ದಿನ ಬಿಟ್ಟು ಎತ್ತಿಸಿದಾಗ ಬಂದದ್ದು ಬೇಯಿಸಿದ ಸೊಪ್ಪಿನ ವಾಸನೆ. ಪುಣೆಯ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ಕಿನ ಕೆಳಗೆ ಹುಲ್ಲು ಅಕ್ಷರಶಃ ಬೆಂದಿತ್ತು. ಅಳತೆಪಟ್ಟಿ ಇಟ್ಟು ಕತ್ತರಿಸಿದಂಥ ಹಳದಿ ಚೌಕ, 11ನೇ ಮಹಡಿಯಿಂದಲೂ ಕಾಣುತ್ತಿತ್ತು.

ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂತು. ಕೆಲಸದವರು ಮಧ್ಯಾಹ್ನ ಲಾನ್ ಮೇಲೆ ಕೂತು ಉಣ್ಣುತ್ತಾರೆ, ಅದಕ್ಕೇ ಹುಲ್ಲು ಸತ್ತಿದೆ ಎಂದು ಯಾರೋ ಬರೆದರು. ಹತ್ತು ಮಂದಿ ಹೆಬ್ಬೆರಳು ಒತ್ತಿದರು. ತಾಡಪತ್ರಿ ಹಾಸಿಸಿದವನು ನಾನೇ ಎಂದು ಬರೆಯಲು ಮೊಬೈಲ್ ತೆಗೆದವನು ಹಾಗೇ ಇಟ್ಟೆ. ಮಾರನೆಯ ದಿನ ಅಧ್ಯಕ್ಷರು ಒಂದು ನೋಟಿಸ್ ಮಾಡಿ ಎಂದರು. ಮಾಡಿದೆ. ಕೆಲಸಗಾರರು ಲಾನ್ ಮೇಲೆ ಕೂರಬಾರದು ಎಂದು ಮರಾಠಿಯಲ್ಲಿ, ಹಿಂದಿಯಲ್ಲಿ ಬರೆದು ಅಂಟಿಸಿದೆ. ಅವತ್ತಿನಿಂದ ಅವರೆಲ್ಲ ಪಾರ್ಕಿಂಗ್ ಇಳಿಜಾರಿನ ಬಿಸಿಲಿನಲ್ಲಿ ಕೂತು ರೊಟ್ಟಿ ತಿನ್ನತೊಡಗಿದರು.

ಹೊಸ ಹುಲ್ಲು ತಂದು ಮುಚ್ಚುವುದೆಂದು ತೀರ್ಮಾನವಾಯಿತು. ಮೇ ಮೊದಲ ಭಾನುವಾರ ಬೆಳಿಗ್ಗೆ ಐದಕ್ಕೆ ನಾನು, ಕಾಕಾ ಒಂದು ಛೋಟಾ ಹಾಥಿ ಟೆಂಪೋದಲ್ಲಿ ಹೊರಟೆವು. ನರ್ಸರಿಗಳ ಸಾಲು ಸಿಗುವುದು ಊರುಳಿ ಕಾಂಚನದಲ್ಲಿ, ಪುಣೆಯಿಂದ ಸುಮಾರು 30 ಕಿಲೋಮೀಟರ್. ಹಡಪ್ಸರಿನ ಐಟಿ ಪಾರ್ಕುಗಳು ಹಿಂದಾಗಿ ಲೋಣಿ ಕಾಳಭೋರದ ಹತ್ತಿರ ಟ್ಯಾಂಕರುಗಳ ಸಾಲು ಕಂಡಿತು, ಆಮೇಲೆ ಕಬ್ಬಿನ ಗದ್ದೆಗಳು. ಎದುರಿಗೆ ಬರುತ್ತಿದ್ದ ಒಂದು ಬಸ್ಸಿನ ಬೋರ್ಡು ಕನ್ನಡದಲ್ಲಿತ್ತು. ಕಾಕಾ ಅದು ಕಣ್ಮರೆಯಾಗುವವರೆಗೂ ಕತ್ತು ತಿರುಗಿಸಿ ನೋಡಿದರು.

"ನಮ್ಮ ಕಡೀದ್ದು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಸರ, ಒಂದ್ ಮಾತ ಹೇಳ್ಲಿ? ಸಿಟ್ಟಾಗಬ್ಯಾಡ್ರಿ."

"ಹೇಳಿ ಕಾಕಾ."

"ಕುಂತ್ರ ಹುಲ್ಲು ಸಾಯಂಗಿಲ್ರಿ. ಒಂದ ದಾರ್ಯಾಗ ದಿನಾ ನಡದ್ರ ಸಾಯ್ತದ. ಪ್ಲಾಸ್ಟಿಕ್ ಹೊಚ್ಚಿದ್ರ ಸಾಯ್ತದ. ಆ ಹುಡುಗ್ಯಾರು ನಮ್ಮ ತಾಲೂಕಿನವ್ರು. ನೆರಳಿಗಿ ಕುಂತಿದ್ರು ಪಾಪ."

"ತಾಡಪತ್ರಿ ಹಾಸುವಾಗಲೇ ನನಗೆ ಯಾಕೆ ಹೇಳಲಿಲ್ಲ?"

"ನೀವು ಕಮಿಟಿಯವ್ರು. ಕಾಗದದಾಗ ಬರಕೊಂಡ ಬಂದಿದ್ರಿ."

ಮುಂದಿನ ಮೂರು ನಾಲ್ಕು ಕಿಲೋಮೀಟರ್ ನಾನು ಮಾತಾಡಲಿಲ್ಲ. ಚಾಲಕ ಹಿಂದಿ ಹಾಡು ಹಾಕಿದ್ದು ಒಳ್ಳೆಯದೇ ಆಯಿತು.

ಊರುಳಿ ಕಾಂಚನದಲ್ಲಿ ಚಹಾಕ್ಕೆ ನಿಂತೆವು. ಗಾಂಧೀಜಿ 1946ರಲ್ಲಿ ಇಲ್ಲಿ ಉಳಿದು ನಿಸರ್ಗೋಪಚಾರ ಆಶ್ರಮ ಶುರುಮಾಡಿದ್ದರು. ಅದನ್ನು ನಡೆಸಲು ಇಲ್ಲೇ ಉಳಿದ ಮಣಿಭಾಯಿ ದೇಸಾಯಿ ಮುಂದೆ 1967ರಲ್ಲಿ ಬೈಫ್ ಸಂಸ್ಥೆ ಕಟ್ಟಿದರು. ಆಕಳ ತಳಿ, ಮೇವಿನ ಹುಲ್ಲು ಅದರ ಕೆಲಸ. ಇದನ್ನು ಕಾಕಾಗೆ ಹೇಳಿದೆ. ಅವರು ಬಸಿಗೆ ಚಹಾ ಸುರುವಿಕೊಂಡು, "ಊರಾಗ ಹುಲ್ಲು ಕೊಯ್ದು ದನಕ್ಕ ಹಾಕ್ತೀವ್ರಿ, ನಿಮ್ಮಲ್ಲಿ ಕೊಯ್ದು ಕಸದ ಗಾಡಿಗಿ ಹಾಕ್ತೀನಿ" ಎಂದರು.

ನರ್ಸರಿಯಲ್ಲಿ ಹುಲ್ಲು ಗದ್ದೆಯ ಹಾಗೆ ಹಾಸಿಕೊಂಡಿತ್ತು. ಅಡಿ ಲೆಕ್ಕದಲ್ಲಿ ಚೌಕವಾಗಿ ಕತ್ತರಿಸಿ, ಬೇರಿನೊಡನೆ ಒಂದಿಂಚು ಮಣ್ಣು ಸಮೇತ ಚಪಾತಿಯಂತೆ ಎತ್ತಿ ಕೊಡುತ್ತಾರೆ. ನಮ್ಮ ಲಾನಿನದು ಅವರು 'ಮೆಕ್ಸಿಕನ್' ಎನ್ನುವ ಜಾತಿ. ಒತ್ತಾಗಿ ಮೆತ್ತಗಿರುತ್ತದೆ, ಆದರೆ ಹಬ್ಬುವುದು ಬಹಳ ನಿಧಾನ. ಪಕ್ಕದಲ್ಲೇ 'ಬರ್ಮುಡಾ' ಎಂಬ ಫಲಕವಿದ್ದ ಮಡಿಯಿತ್ತು. ಬಗ್ಗಿ ನೋಡಿದರೆ ನಮ್ಮ ಗರಿಕೆ! ಗಣಪತಿಗೆ ಏರಿಸುವ ಗರಿಕೆಯೇ ಹೆಸರು ಬದಲಿಸಿಕೊಂಡು ಚದರಡಿ ಲೆಕ್ಕದಲ್ಲಿ ಮಾರಾಟಕ್ಕಿತ್ತು. ನೆಲದ ಒಳಗೂ ಹೊರಗೂ ಕಾಂಡ ಓಡಿಸುವ ಜಾತಿಯಾದ್ದರಿಂದ ತುಳಿದರೂ ಬೇಗ ಚೇತರಿಸಿಕೊಳ್ಳುತ್ತದೆ. ನೆರಳು ಮಾತ್ರ ಅದಕ್ಕೆ ಆಗದು. ನಮ್ಮ ಟವರುಗಳ ನೆರಳಿಗೆ ಮೆಕ್ಸಿಕನ್ನೇ ಸರಿ ಎಂದರು ಕಾಕಾ. 160 ಚದರಡಿ ಕೊಂಡೆವು. ಚೌಕಾಸಿ ಪೂರ್ತಿ ಅವರದ್ದೇ, ಮರಾಠಿಯಲ್ಲಿ. ನಾನು ಯುಪಿಐ ಮಾಡಿದೆ.

ವಾಪಸು ಬರುವಾಗ ಅವಸರ. ಕತ್ತರಿಸಿದ ಹುಲ್ಲನ್ನು ಪೇರಿಸಿಟ್ಟರೆ ಒಳಗೇ ಕಾವು ಹುಟ್ಟಿ ಬೇಯುತ್ತದೆ, ಅವತ್ತೇ ನೆಲಕ್ಕೆ ಬೀಳಬೇಕು. ದಾರಿಯಲ್ಲಿ ಕಾಕಾ, ಎಂಟು ವರ್ಷ ಗಾರೆ ಕೆಲಸ ಮಾಡಿದವರ ಕಣ್ಣಿನಿಂದ, ಲಾನ್ ಕಾಯುವುದು ಹೇಗೆಂದು ಹೇಳುತ್ತಾ ಬಂದರು. ನನ್ನ ಎಕ್ಸೆಲ್‌ನಲ್ಲಿ ಇದಾವುದೂ ಇರಲಿಲ್ಲ. ಕೆಲಸದವರು ಓಡಾಡಲು ಹಳೆಯ ಸೆಂಟ್ರಿಂಗ್ ಪ್ಲೈವುಡ್ ಹಾಸಬೇಕು, ಆದರೆ ಸಂಜೆ ಕೆಲಸ ಬಿಟ್ಟ ಮೇಲೆ ಎತ್ತಲೇಬೇಕು. ನಾಲ್ಕಾರು ದಿನಕ್ಕೊಮ್ಮೆ ಓಡಾಡುವ ಸಾಲನ್ನು ಒಂದು ಹಲಗೆಯಷ್ಟು ಪಕ್ಕಕ್ಕೆ ಸರಿಸಬೇಕು. ನೀರು ಬೆಳಿಗ್ಗೆ ಬಿಡಬಾರದು, ಒದ್ದೆ ಮಣ್ಣಿನ ಮೇಲೆ ಮರಳು ಹೊತ್ತವರು ನಡೆದರೆ ಮಣ್ಣು ಒತ್ತಿ ಕಲ್ಲಾಗುತ್ತದೆ, ಬೇರಿಗೆ ಉಸಿರು ಇರುವುದಿಲ್ಲ. ಕೆಲಸ ಮುಗಿದ ಮೇಲೆ ಸಂಜೆ ನೀರು. ಹುಲ್ಲನ್ನು ಗಿಡ್ಡ ಕತ್ತರಿಸದೆ ಸ್ವಲ್ಪ ಎತ್ತರ ಬಿಡಬೇಕು. ಗಾರೆಯನ್ನು ಪಾರ್ಕಿಂಗಿನಲ್ಲೇ ಕಲೆಸಬೇಕು. ಘಮೇಲಾ ತೊಳೆದ ನೀರು ಡ್ರಮ್ಮಿಗೆ ಹೋಗಬೇಕು, ಹುಲ್ಲಿಗೆ ಬಿದ್ದರೆ ಸಿಮೆಂಟಿನ ಕ್ಷಾರ ಸುಡುತ್ತದೆ. ಎಲ್ಲ ಮುಗಿದ ಮೇಲೆ ಸಲಾಕೆಯಿಂದ ಗೇಣಿಗೊಂದು ತೂತು ಹಾಕಿ ಮರಳು, ಗೊಬ್ಬರ ತುಂಬಬೇಕು.

"ಹಲಗಿ ಹಾಕೂದು ಸುಲಭ ಅದ ಸರ. ದಿನಾ ಎತ್ತೋರು ಯಾರು, ಅದ ಕೇಳ್ರಿ."

ಮಧ್ಯಾಹ್ನ ಹನ್ನೊಂದರೊಳಗೆ ಸೊಸೈಟಿ ಸೇರಿದೆವು. ಸತ್ತ ಹುಲ್ಲು ಕೆರೆದು ತೆಗೆದಿದ್ದ ಜಾಗದಲ್ಲಿ ಅಲ್ಲಲ್ಲಿ ಹಸಿರು ಚಿಗುರು ಕಂಡಿತು, ಗರಿಕೆ. ಇಷ್ಟು ವರ್ಷ ಕಾಕಾ ಕಳೆಯೆಂದು ಕಿತ್ತೆಸೆಯುತ್ತಿದ್ದದ್ದು ಅದನ್ನೇ. ಮಣ್ಣು ಸಡಿಲಿಸಿ, ಇಟ್ಟಿಗೆ ಕಟ್ಟಿದ ಹಾಗೆ ಸಂದಿಗೆ ಸಂದಿ ತಪ್ಪಿಸಿ ಚೌಕಗಳನ್ನು ಜೋಡಿಸಿ, ಹಲಗೆಯಿಂದ ಬಡಿದು, ನೆನೆಯುವಷ್ಟು ನೀರು ಬಿಟ್ಟರು. ನಾನು ಚೌಕಗಳನ್ನು ಎತ್ತಿಕೊಟ್ಟೆ. ಎರಡನೆಯ ದಿನಕ್ಕೆ ಸೊಂಟ ಹಿಡಿದುಕೊಂಡದ್ದು ಬೇರೆ ವಿಷಯ.

ಅವತ್ತು ಸಂಜೆ ನೋಟಿಸನ್ನು ಹರಿದು ಹಾಕಿದೆ. ಯಾಕೆ ತೆಗೆದಿರಿ ಎಂದು ಅಧ್ಯಕ್ಷರು ಕೇಳಿದರು. ಒಂದೇ ಜಾಗದಲ್ಲಿ ದಿನವೂ ತುಳಿದರೆ ಮಾತ್ರ ಹುಲ್ಲಿಗೆ ಹಾನಿ, ಕೂತರೆ ಇಲ್ಲ ಎಂದು ತಾಂತ್ರಿಕವಾಗಿ ವಿವರಿಸಿದೆ. ಅವರು ಒಪ್ಪಿದರು. ತಾಡಪತ್ರಿಯ ಮಾತನ್ನು ಗ್ರೂಪಿನಲ್ಲಿ ಬರೆದದ್ದು ಅದಾದ ಎರಡು ದಿನಕ್ಕೆ, ರಾತ್ರಿ ಹನ್ನೊಂದೂವರೆಗೆ, ಎಲ್ಲರೂ ಮಲಗಿರುವ ಹೊತ್ತು ನೋಡಿ. ಈ ಸಲ ಯಾರೂ ಹೆಬ್ಬೆರಳು ಒತ್ತಲಿಲ್ಲ.

ಕೆಲಸದ ಹೆಣ್ಣುಮಕ್ಕಳು ತಕ್ಷಣ ಲಾನಿಗೆ ಬರಲಿಲ್ಲ. ನೋಟಿಸ್ ಹೋದರೂ ಮೂರು ದಿನ ಇಳಿಜಾರಿನಲ್ಲೇ ಕೂತರು. ನಾನು ಹೋಗಿ, "ಅಕ್ಕಾ, ಅಲ್ಲೇ ನೆರಳಲ್ಲಿ ಕೂತ್ಕೊಳ್ಳಿ" ಎಂದೆ. ನನ್ನ ಬಾಯಿಂದ ಕನ್ನಡ ಕೇಳಿ ಒಬ್ಬಾಕೆ ಸೆರಗು ಬಾಯಿಗಿಟ್ಟು ನಕ್ಕಳು. "ಇಷ್ಟ ದಿನ ಹಿಂದಿ ಯಾಕ ಮಾತಾಡ್ತಿದ್ರಿ ಸಾಹೇಬ್ರ?" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಮಳೆ ಬರುವ ಹೊತ್ತಿಗೆ ಸಾರವೆ ಇಳಿಯಿತು. ಅಲ್ಲಿಯತನಕ ದಿನಾ ಸಂಜೆ ಆರಕ್ಕೆ ಆ ಹೆಣ್ಣುಮಕ್ಕಳೇ ಕಾಕಾನ ಜೊತೆ ಸೇರಿ ಹಲಗೆ ಎತ್ತಿ ಗೋಡೆಗೆ ಒರಗಿಸಿ ಹೋಗುತ್ತಿದ್ದರು. ಲಾಗ್‌ಔಟ್ ಬೇಗ ಆದ ದಿನ ನಾನೂ ಒಂದು ತುದಿ ಹಿಡಿಯುತ್ತಿದ್ದೆ. ಹೊಸ ಹುಲ್ಲಿನ ಸಂದಿಗಳಲ್ಲಿ ಗರಿಕೆ ಮತ್ತೆ ಎದ್ದಿದೆ. ಕೀಳಬೇಕಲ್ಲವೇ ಎಂದು ಕೇಳಿದರೆ, ಗಣಪತಿ ಹಬ್ಬ ಮುಗಿಯಲಿ ಎಂದಿದ್ದಾರೆ ಕಾಕಾ.